ಪಿತೃಪಕ್ಷ ಮತ್ತು ಪಿತ್ರಾರ್ಜಿತ



ಭಾದ್ರಪದ ಕೃಷ್ಣಪಕ್ಷವು ಪಿತೃಗಳಿಗೆ ಮೀಸಲಾದ ಪುಣ್ಯಕಾಲ. ತಂದೆ, ತಾತ, ಮುತ್ತಾತಂದಿರನ್ನು ವಸು, ರುದ್ರ, ಆದಿತ್ಯರೂಪಗಳಲ್ಲಿ ಸ್ಮರಿಸಿ, ಪಿಂಡತಿಲೋದಕಗಳನ್ನಿತ್ತು, ಅವರ ಅಂತರ್ಯಾಮಿಯಾದ ಶ್ರೀಹರಿಗೆ ಅದೆಲ್ಲವನ್ನೂ ಸಮರ್ಪಿಸುತ್ತೇವೆ. ಆದರೆ ಅದೇ ತಂದೆಯ ಹೆಸರನ್ನು ನಮ್ಮಲ್ಲಿ ಹಲವರು ನ್ಯಾಯಾಲಯದ ದಾವೆಗಳಲ್ಲಿಯೂ ಬರೆಯಿಸಿದ್ದೇವೆ. ಇಂದು ದರ್ಭೆ ಹಿಡಿದ ಕೈ ನಾಳೆ ಒಡಹುಟ್ಟಿದವರ ಮೇಲಿನ ದಾವೆಗೆ ಸಹಿ ಹಾಕುತ್ತದೆ. ಇಂತಹ ಕೈಯಿಂದ ಬಿಟ್ಟ ತಿಲೋದಕವು ಪಿತೃಗಳಿಗೆ ತೃಪ್ತಿಯನ್ನೀಯುವುದೇ ಎಂದು ನಾವು ಈ ಪಕ್ಷದಲ್ಲಾದರೂ ಕೇಳಿಕೊಳ್ಳಬೇಕು.

ಪಾಲಾಗುವುದೇ ಪಾಪವೆಂದು ನಾವು ಹೇಳಹೊರಟಿಲ್ಲ. ಸಹೋದರರು ವಿಭಕ್ತರಾದರೆ ಮನೆಮನೆಯಲ್ಲಿಯೂ ಧರ್ಮಕಾರ್ಯಗಳು ನಡೆದು ಧರ್ಮವು ವೃದ್ಧಿಯಾಗುವುದೆಂಬುದು ಮನುವಿನ ಅಭಿಪ್ರಾಯ. ದೋಷವಿರುವುದು ಪಾಲಿನಲ್ಲಲ್ಲ, ಮತ್ತೊಬ್ಬರ ಪಾಲನ್ನು ಮರೆಮಾಚುವುದರಲ್ಲಿ. 1974ರ ಭೂಸುಧಾರಣೆಯ ತರುವಾಯ ಕರಾವಳಿಯ ಎಷ್ಟೋ ಮನೆತನಗಳ ಗೇಣಿಯ ಗದ್ದೆಗಳು ಉತ್ತವರ ಕೈಸೇರಿದುವು. ಉಳಿದ ಮನೆಹಿತ್ತಲು, ತೋಟಗಳಿಗೆ ಇಂದು ಬೆಲೆ ಬಂದಿದೆ. ಬೆಲೆಯೊಡನೆ ವ್ಯಾಜ್ಯವೂ ಬಂದಿದೆ.

ವ್ಯಾಜ್ಯದಲ್ಲಿ ಮೊದಲು ಕೇಳಿಬರುವ ಮಾತು, “ಹೆಣ್ಣುಮಕ್ಕಳಿಗೆ ಭೂಮಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ” ಎಂಬುದು. ಪದ್ಧತಿಯೆಂದರೇನೆಂದು ವಿಚಾರಿಸೋಣ. ನಮ್ಮ ತುಳುನಾಡಿನಲ್ಲಿಯೇ ಮಕ್ಕಳಕಟ್ಟು, ಅಳಿಯಕಟ್ಟು ಎಂಬ ಎರಡು ಕ್ರಮಗಳು ಅಕ್ಕಪಕ್ಕದ ಮನೆಗಳಲ್ಲಿ ಬಾಳಿದುವು. ಅಳಿಯಸಂತಾನದ ಮನೆಗಳಲ್ಲಿ ಭೂಮಿಯು ತಾಯಿಯ ಸಂತತಿಯಲ್ಲಿಯೇ ಸಾಗಿಬರುತ್ತಿತ್ತು. 1949ರ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳಿಂದ ಆ ಕ್ರಮವೂ ಬಹುಮಟ್ಟಿಗೆ ಬದಲಾಯಿತು. ಮಕ್ಕಳಕಟ್ಟಿನವರಾದ ನಮಗೆ ಆಧಾರವಾದ ಮಿತಾಕ್ಷರೆಯನ್ನು ರಚಿಸಿದವರು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರರು. ಆ ಗ್ರಂಥದಲ್ಲಿಯೂ ಪಾಲಿನ ವೇಳೆ ತಾಯಿಗೆ ಅಂಶವುಂಟು, ಅವಿವಾಹಿತೆಯಾದ ಸಹೋದರಿಗೆ ಚತುರ್ಥಾಂಶವುಂಟು. ದಾಯವಾಗಿ ಸ್ತ್ರೀಗೆ ಬಂದುದೂ ಸ್ತ್ರೀಧನವೇ. ಹೆಣ್ಣಿಗೆ ಏನೂ ಇಲ್ಲವೆಂಬುದು ಸಂಪ್ರದಾಯದ ಮಾತಲ್ಲ, ಸಂಪ್ರದಾಯವನ್ನು ಓದದವರ ಮಾತು.

ಇಂದಿನ ಶಾಸನವಂತೂ ಸ್ಪಷ್ಟವಾಗಿದೆ. 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಜನ್ಮಸಿದ್ಧವಾದ ಹಕ್ಕನ್ನು ನೀಡಿತು. ಆ ದಿನ ತಂದೆ ಜೀವಿಸಿರಲೇಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. 2004ರ ಡಿಸೆಂಬರ್ 20ಕ್ಕೆ ಮುನ್ನ ಕ್ರಮಬದ್ಧವಾಗಿ ಮುಗಿದ ಪಾಲುಗಳನ್ನು ಅದು ಕದಲಿಸುವುದಿಲ್ಲ.

ಆದರೂ ಗೌರೀಹಬ್ಬದ ಬಾಗಿನದೊಡನೆಯೇ ಹಕ್ಕು ಬಿಡುಗಡೆ ಪತ್ರವನ್ನೂ ಸಹೋದರಿಯ ಮುಂದಿಡುವವರಿದ್ದಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅವಳು ಸಹಿ ಹಾಕುತ್ತಾಳೆ. ನಾವು ಅದನ್ನು ಅವಳ ಔದಾರ್ಯವೆಂದು ಹೊಗಳುತ್ತೇವೆ! ತನ್ನದೆಂದು ತಿಳಿದು, ಸಂತೋಷದಿಂದ ಬಿಟ್ಟುಕೊಟ್ಟರೆ ಮಾತ್ರ ಅದು ದಾನ. ಭಯದಿಂದ ಬಿಟ್ಟುದು ದಾನವಲ್ಲ. ಅದನ್ನು ಪಡೆದವನಿಗೆ ಋಣ.

ಪಾಂಡವರಿಗಾಗಿ ಶ್ರೀಕೃಷ್ಣನು ಐದು ಗ್ರಾಮಗಳನ್ನಾದರೂ ಕೊಡೆಂದು ಕೇಳಿದಾಗ ದುರ್ಯೋಧನನು ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡಲೊಪ್ಪಲಿಲ್ಲ. ಕಡೆಗೆ ಅವನಿಗೆ ಕುಲವೂ ಉಳಿಯಲಿಲ್ಲ, ನೆಲವೂ ಉಳಿಯಲಿಲ್ಲ. ಭರತನಿಗಾದರೋ ತಾಯಿಯೇ ವರಬಲದಿಂದ ರಾಜ್ಯವನ್ನು ಕೊಡಿಸಿದ್ದಳು. ಅವನು ಪಾದುಕೆಗಳನ್ನು ಮುಂದಿಟ್ಟು, ನಂದಿಗ್ರಾಮದಲ್ಲಿ ಹದಿನಾಲ್ಕು ವರ್ಷ ಅದನ್ನು ಶ್ರೀರಾಮನ ನ್ಯಾಸವೆಂದು ಕಾಪಾಡಿ ಮರಳಿ ಒಪ್ಪಿಸಿದನು.

ಶ್ರೀಮದಾಚಾರ್ಯರ ಸಿದ್ಧಾಂತವನ್ನು ಒಪ್ಪಿದ ನಮಗೆ ಭರತನ ಮಾರ್ಗವೇ ಸಹಜ. ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವನು ಅಸ್ವತಂತ್ರನು. ದೇಹವೇ ತನ್ನ ಅಧೀನದಲ್ಲಿಲ್ಲದವನು ನೆಲದ ಒಡೆಯನೆಂದು ಹೇಗೆ ಹೇಳಿಯಾನು? ಅವನು ಕೊಟ್ಟಷ್ಟನ್ನು ಅನುಭವಿಸು, ಅನ್ಯರ ಧನವನ್ನು ಬಯಸಬೇಡವೆಂಬುದು ಈಶಾವಾಸ್ಯದ ಉಪದೇಶ.

ಇದರ ಪ್ರತ್ಯಕ್ಷ ದೃಷ್ಟಾಂತವು ಉಡುಪಿಯಲ್ಲಿದೆ. ಅಲ್ಲಿ ಎಂಟು ಮಠಗಳಿಗೂ ಕೃಷ್ಣಪೂಜೆಯ ಹಕ್ಕುಂಟು, ಶ್ರೀಕೃಷ್ಣನನ್ನು ಪಾಲುಮಾಡಿದವರಿಲ್ಲ. ಶ್ರೀವಾದಿರಾಜರು ಎರಡು ತಿಂಗಳ ಸರದಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿದರು. ಅವಧಿ ಮುಗಿದಾಗ ಒಬ್ಬರು ಅಕ್ಷಯಪಾತ್ರೆ, ಸಟ್ಟುಗಗಳನ್ನು ಮತ್ತೊಬ್ಬರಿಗೆ ಒಪ್ಪಿಸುತ್ತಾರೆ. ಕೈಯಿಂದ ಕೈಗೆ ಸಾಗುವುದು ಅನ್ನ ಬಡಿಸುವ ಅಧಿಕಾರ. ನಮ್ಮ ಹಿರಿಯರ ಭೂಮಿಯೂ ಅಂತಹ ಸಟ್ಟುಗವೇ. ಅದು ನಮ್ಮ ಕೈಯಲ್ಲಿರುವುದು ನಮ್ಮ ಸರದಿಯವರೆಗೆ ಮಾತ್ರ.

ಆದ್ದರಿಂದ ಮಹಾಲಯ ಅಮಾವಾಸ್ಯೆಗೆ ಮುನ್ನ ಒಂದು ದಿನ ಒಡಹುಟ್ಟಿದವರೆಲ್ಲರೂ, ಸಹೋದರಿಯರೂ ಸೇರಿ, ಒಂದೆಡೆ ಕುಳಿತುಕೊಳ್ಳೋಣ. ಪಹಣಿ, ಪತ್ರಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ಮುಂದಿಡೋಣ. ದಾವೆ ನಡೆಯುತ್ತಿದ್ದರೂ ಲೋಕ ಅದಾಲತ್ತಿನಲ್ಲಿ ರಾಜಿಯಾಗಲು ಅವಕಾಶವುಂಟು. ಒಂದೆರಡು ಸೆಂಟ್ಸ್ ನೆಲ ಕಡಿಮೆಯಾದರೆ ಪಿತೃಗಳು ಮುನಿಯಲಾರರು. ತಮ್ಮ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಅವರು ತೃಪ್ತರಾಗುವರು.

ಶ್ರೀಕೃಷ್ಣಾರ್ಪಣಮಸ್ತು.