ಕೆಂದಳಿರು ಯಾರಿಗಾಗಿ?

ಚಳಿದೇಶದ ಮೇಪಲ್ ಮರ ಎಲೆ ಉದುರಿಸುವ ಮುನ್ನ ಕೆಂಪೇರುತ್ತದೆ. ನಮ್ಮ ಘಟ್ಟದ ಎಷ್ಟೋ ಮರಗಳದ್ದು ತಿರುವುಮುರುವು. ಇಲ್ಲಿ ಎಲೆ ಹುಟ್ಟುವಾಗಲೇ ಕೆಂಪು. ಶಿವರಾತ್ರಿಯ ಆಸುಪಾಸಿನಲ್ಲಿ ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವಾಗ ಹಸಿರು ಕಾಡಿನ ನಡುನಡುವೆ ಕೆಂಪಾಗಿ ಕಾಣುವುದೆಲ್ಲ ಹೂವಲ್ಲ, ನಾಗಸಂಪಿಗೆಯಂಥ ಮರಗಳ ಚಿಗುರು. ಒಂದು ಕೊಂಬೆಯನ್ನು ಮೆಲ್ಲಗೆ ಬಗ್ಗಿಸಿ ನೋಡಬೇಕು. ಎಳೆಯ ಎಲೆಗಳು ಸೆಟೆದು ನಿಂತಿರುವುದಿಲ್ಲ, ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತವೆ. ತುದಿಯದು ಕಡುಗೆಂಪು, ಅದರ ಹಿಂದಿನದು ನಸುಗೆಂಪು, ಇನ್ನೂ ಹಿಂದಿನದು ತಿಳಿಹಳದಿ, ಬಲಿತದ್ದು ಹಸಿರು. ಕೆಲವು ವಾರಗಳ ಬದುಕು ಒಂದೇ ರೆಂಬೆಯ ಮೇಲೆ ಸಾಲಾಗಿ ಕಾಣುತ್ತದೆ.

ಎಳೆಯ ಎಲೆಗೆ ಹುಳುಗಳ ಕಾಟ ಹೆಚ್ಚು. ಅದು ಬಲಿತು ಗಟ್ಟಿಯಾಗುವ ತನಕ ಮರ ಅದಕ್ಕೆ ಪತ್ರಹರಿತ್ತನ್ನು ತುಂಬುವುದನ್ನೇ ಮುಂದೂಡುತ್ತದೆ. ಸಾರ ಕಡಿಮೆಯಿರುವ ಎಲೆಯನ್ನು ಹುಳು ತಿಂದರೂ ಮರಕ್ಕೆ ಆಗುವ ನಷ್ಟ ಕಡಿಮೆ. ಆ ನಡುವೆ ಆಂಥೋಸಯನಿನ್ ಎಂಬ ಕೆಂಬಣ್ಣ ಎಲೆಯನ್ನು ಸುಡುಬಿಸಿಲಿನಿಂದ ಕಾಯುತ್ತದೆ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ನಾವು ಚೆಲುವು ಎಂದು ನಿಂತು ನೋಡುವುದು ಮರದ ಎಚ್ಚರಿಕೆಯನ್ನು.

ಹೀಗೆ ವಿಚಾರಿಸುತ್ತ ಹೋದರೆ ಈ ಸೀಮೆಯ ಬಣ್ಣಗಳಲ್ಲಿ ನಮಗೆಂದು ಇರುವುದು ಕಡಿಮೆ. ಎಲೆಯುದುರಿದ ಹಾಲುವಾಣದ ಕೆಂಪು ಹೂ ಮೈನಾ, ಪಿಕಳಾರಗಳಿಗೆ. ಕೆಂಪು ಬಣ್ಣ ಜೇನಿನ ಕಣ್ಣಿಗೆ ಸರಿಯಾಗಿ ಕಾಣದು. ಬೇಸಿಗೆಯಲ್ಲಿ ಒಂದಿಂಚು ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ತೋಟಕ್ಕೆ ತೋಟವೇ ಬೆಳ್ಳಗಾಗಿ ಘಮ್ಮೆನ್ನುತ್ತದಲ್ಲ, ಆ ಬಿಳುಪು ಇರುವುದೂ ಮೂರು ನಾಲ್ಕು ದಿನ, ಅದೂ ಕರೆಯುವುದು ಹೆಜ್ಜೇನನ್ನು, ತುಡುವೆಯನ್ನು. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು. ಜೇನು, ಗಾಳಿ ಬೇರೆ ಗಿಡದಿಂದ ಪರಾಗ ತರಬೇಕು.

ಕಾರಣ ತಿಳಿದರೆ ಸೊಗಸು ಸಾಯುತ್ತದೆ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಪೇಟೆಯಲ್ಲಿ ನಮ್ಮ ಕಣ್ಣಿಗೆ ಬೀಳುವ ಬಣ್ಣಗಳೆಲ್ಲ, ಅಂಗಡಿಯ ಬೋರ್ಡಾಗಲಿ ಫೋನಿನ ಪರದೆಯಾಗಲಿ, ನಮ್ಮಿಂದ ಏನನ್ನೋ ಬಯಸುತ್ತವೆ. ನಾಗಸಂಪಿಗೆಯ ಚಿಗುರು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದರ ಮುಂದೆ ನಿಂತಾಗ ಮನಸ್ಸು ಹಗುರಾಗುವುದು ಇದರಿಂದಲೇ ಎಂದು ನನ್ನ ನಂಬಿಕೆ.

ಹಾಗಾದರೆ ಕಾಫಿ ಹೂವಿನ ಮುಂದೆ ನಿಂತು ಫಸಲಿನ ಲೆಕ್ಕ ಹಾಕುವ ಬೆಳೆಗಾರನಿಗೆ ಆ ಚೆಲುವು ಕಾಣುವುದಿಲ್ಲವೇ? ಮಾಘ ಕಳೆದಲ್ಲಿಂದ ಆಕಾಶ ನೋಡಿದವನು, ಕೊಂಬೆ ಸವರಿ ಮರಗಸಿ ಮಾಡಿಸುವಾಗ ಎಲ್ಲಿ ಎಷ್ಟು ನೆರಳು ಉಳಿಯಬೇಕೆಂದು ಮರದ ಬುಡದಲ್ಲಿ ನಿಂತು ಯೋಚಿಸಿದವನು ಆತ. ಹೂಮಳೆ ಅರೆಬರೆ ಬಿದ್ದು ಮೊಗ್ಗು ಒಣಗಿದ ವರ್ಷದ ನೆನಪೂ ಅವನಿಗಿದೆ. ಬಿಳುಪು ಕಂಡಾಗ ಅವನು ಬಿಡುವ ಉಸಿರಿನಲ್ಲಿ ಲೆಕ್ಕವೂ ಇದೆ, ಸಂತೋಷವೂ ಇದೆ. ಎರಡನ್ನೂ ಬೇರ್ಪಡಿಸಲು ನನ್ನಿಂದ ಆಗದು. ಆಸೆಯಿರುವ ಕಣ್ಣಿಗೆ ಚೆಲುವು ಕಾಣದು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಇನ್ನು ಮನೆಯಂಗಳದ ಡೇರೆ ಹೂವಿನದು ಬೇರೆಯೇ ಕತೆ. ಆಲೂರಿನ ಹಳ್ಳಿಗಳಲ್ಲೂ ಸಕಲೇಶಪುರದ ತೋಟಗಳ ಲೈನ್ ಮನೆಗಳ ಮುಂದೆಯೂ ಜಡಿಮಳೆಯ ಮಬ್ಬಿನಲ್ಲಿ ಅರಳುವ ಈ ಕಡುಗೆಂಪು, ನೇರಳೆ, ಹಳದಿ ಹೂಗಳ ಮೂಲ ಮೆಕ್ಸಿಕೊ. ಮನುಷ್ಯರು ಆರಿಸಿ ಆರಿಸಿ ಎಸಳು ಹೆಚ್ಚಿಸಿದ ಹೂ ಇದು. ಬೀಜ ಹಾಕಿದರೆ ತಾಯಿಗಿಡದ ಬಣ್ಣವೇ ಬರುವುದೆಂಬ ಭರವಸೆಯಿಲ್ಲ. ಅದೇ ಬಣ್ಣ ಬೇಕಿದ್ದರೆ ಸಾಮಾನ್ಯವಾಗಿ ಗೆಡ್ಡೆಯನ್ನೇ ನೆಡುತ್ತಾರೆ. ಗೆಡ್ಡೆ ತಾನಾಗಿ ಊರು ದಾಟದು. ಹೂ ಕಂಡು ಯಾರೋ ಆಸೆಪಡಬೇಕು, ಬೇಲಿಯಾಚೆಯಿಂದ ಕೇಳಬೇಕು, "ಗೆಡ್ಡೆ ಕಿತ್ತಾಗ ಒಂದು ಕೊಡ್ತೀನಿ ಕಣಕ್ಕ" ಎಂದು ಈಚೆಯವರು ಹೇಳಬೇಕು. ಇಲ್ಲಿ ಜೇನು ಮಾಡುವ ಕೆಲಸವನ್ನು ಮಾಡುತ್ತಿರುವವರು ನಾವೇ. ಈ ಒಂದು ಬಣ್ಣ ನಿಜವಾಗಿ ನಮ್ಮನ್ನೇ ಕರೆಯುತ್ತದೆ, ಮತ್ತು ನಮ್ಮ ಹೆಣ್ಣುಮಕ್ಕಳು ಆ ಕರೆಗೆ ಓಗೊಟ್ಟಿದ್ದರಿಂದಲೇ ಅದು ಅಂಗಳದಿಂದ ಅಂಗಳಕ್ಕೆ, ತವರಿನಿಂದ ಗಂಡನ ಮನೆಗೆ ನಡೆದುಕೊಂಡು ಬಂದಿದೆ.