ಪಯಣದ ಋಣ

ಅಶೋಕನ ಹೆಸರನ್ನೇ ಹೊತ್ತ ಶಾಸನವೊಂದು ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದಿತೆಂಬುದು ನಮ್ಮ ಸೀಮೆಯ ಬಳಗಾನೂರಿನ ಶಾಲಾಬಾಲಕರೂ ಬಲ್ಲ ಸಂಗತಿ; ಆದರೆ ಅದೇ ಚಕ್ರವರ್ತಿಯು ತನ್ನ ಏಳನೆಯ ಸ್ತಂಭಶಾಸನದಲ್ಲಿ, ಮಾರ್ಗಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ ಬಾವಿಗಳನ್ನು ತೋಡಿಸಿದುದನ್ನೂ ಹೇಳಿ, ಇಂಥ ಸೌಖ್ಯವನ್ನು ಹಿಂದಿನ ಅರಸರೂ ಒದಗಿಸಿದ್ದರು, ತಾನು ಒದಗಿಸಿದುದು ಜನರು ಧರ್ಮದಲ್ಲಿ ನಡೆಯಲೆಂಬ ಉದ್ದೇಶದಿಂದ ಎಂದು ಸೇರಿಸಿರುವುದನ್ನು ನೆನೆಯುವವರು ವಿರಳ. ನೆರಳಿಗೂ ನೀರಿಗೂ ತಗುಲಿದ ವೆಚ್ಚವನ್ನು ದಾರಿಹೋಕನಿಂದಲೇ ವಸೂಲು ಮಾಡಬೇಕೆಂಬ ಆಲೋಚನೆ ಅಲ್ಲಿಲ್ಲ. ಬಸ್ಸಿನ ವೆಚ್ಚವನ್ನು ಯಾರು ಹೊರಬೇಕೆಂಬ ಇಂದಿನ ಪ್ರಶ್ನೆಯನ್ನು ನಾವು ಲೆಕ್ಕಿಗರಿಗೆ ಒಪ್ಪಿಸಿ ನಿಶ್ಚಿಂತರಾಗಿದ್ದೇವೆ. ನನ್ನ ಮಟ್ಟಿಗೆ ಅದು ಮೊದಲು ಧರ್ಮವಿಚಾರ, ಆಮೇಲೆ ಲೆಕ್ಕ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಆ ಹಣವನ್ನು ನಿಗಮಗಳಿಗೆ ಸರಕಾರ ತುಂಬಿಕೊಡಬೇಕು. ನಸುಕಿನ ಬಸ್ಸಿನಲ್ಲಿ ಬುತ್ತಿಯ ಗಂಟನ್ನು ಮಡಿಲಲ್ಲಿರಿಸಿ, ಪ್ಲಾಸ್ಟಿಕ್ ಚೀಲದಿಂದ ಆಧಾರ್ ಕಾರ್ಡನ್ನು ಹೊರತೆಗೆದು ತೋರಿಸುವ ನಾಟಿಯ ಹೆಣ್ಣಾಳಿಗೆ ಕಂಡಕ್ಟರು ಸೊನ್ನೆಯ ಟಿಕೆಟ್ಟನ್ನು ಹರಿದುಕೊಡುವಾಗ, “ಎಲ್ಲಾ ಪುಕ್ಕಟೆ ಆಗೇತ್ರೀ” ಎಂದು ಹಿಂದಿನ ಸೀಟಿನಲ್ಲಿ ಯಾರಾದರೂ ಗೊಣಗುವುದುಂಟು. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಗದ್ದೆಗೆ ಬಂದರೆ ಸಾಲದು, ಅವಳ ಕೈಯೂ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಬರಬೇಕು. ಅವಳು ಮುಟ್ಟಿದ್ದರಿಂದ ಗದ್ದೆಯೊಡೆಯನಿಗೆ ಬೆಳೆ, ಸಿಂಧನೂರಿನ ಗಿರಣಿಗೆ ಭತ್ತ, ಅಡತಿಯವನಿಗೆ ಕಮಿಷನ್ನು. ಇವರಲ್ಲಿ ಒಬ್ಬರೂ ಆ ಬಸ್ಸನ್ನು ಹತ್ತಿಲ್ಲ. ಹತ್ತದೆಯೇ ಅದರ ಫಲವನ್ನುಂಡಿದ್ದಾರೆ. ಪುಕ್ಕಟೆ ಪಯಣ ಯಾರದೆಂಬುದನ್ನು ಈಗ ಹೇಳಬಹುದು.

ಈ ಋಣವನ್ನು ಗುರುತಿಸಿದ ನಾಡುಗಳಿವೆ. ಕೆಲಸಗಾರನು ಕೆಲಸಕ್ಕೆ ಬಂದು ಮುಟ್ಟುವುದರಿಂದ ಲಾಭ ಪಡೆಯುವವನು ಧಣಿಯಾದುದರಿಂದ, ಫ್ರಾನ್ಸಿನವರು 1971ರಲ್ಲಿ ಪ್ಯಾರಿಸ್ ಪ್ರಾಂತದ ಉದ್ಯಮಿಗಳ ಸಂಬಳಪಟ್ಟಿಯ ಮೇಲೆ ಸಾರಿಗೆಯ ಕರವನ್ನು ವಿಧಿಸಿದರು. ಬೆಂಗಳೂರಿನಲ್ಲಾದರೋ ದಾನದ ಮಾರ್ಗವನ್ನು ಹಿಡಿದು, ಕೋಣಪ್ಪನ ಅಗ್ರಹಾರದ ಮೆಟ್ರೋ ನಿಲ್ದಾಣಕ್ಕೆ ಇನ್ಫೋಸಿಸ್ ಪ್ರತಿಷ್ಠಾನವು 200 ಕೋಟಿ ರೂಪಾಯಿ ಕೊಡಲು ಮುಂದಾಯಿತು. ನಿಲ್ದಾಣಕ್ಕೆ ಅದರ ಹೆಸರೂ ಸೇರಿತು. ಇದನ್ನು ಹಳಿಯುವ ಕಾರಣವಿಲ್ಲ. ಆದರೆ ದಾನಿಯು ತನಗೆ ಒಪ್ಪಿದ ಸ್ಥಳವನ್ನು ಆರಿಸಿಕೊಳ್ಳುತ್ತಾನೆ. ಬಳಗಾನೂರಿನ ಬಸ್ ನಿಲ್ದಾಣವನ್ನು ಯಾವ ಪ್ರತಿಷ್ಠಾನವೂ ಆರಿಸಿಕೊಳ್ಳಲಾರದು.

ಶರಣರು ದಾನಕ್ಕಿಂತ ದಾಸೋಹವನ್ನು ಮೇಲೆಂದು ಬಗೆದುದು ಇದಕ್ಕಾಗಿಯೇ. ಕಾಯಕದ ಗಳಿಕೆಯಲ್ಲಿ ಸಮಾಜದ ಪಾಲು ಮೊದಲೇ ಸೇರಿಕೊಂಡಿರುವುದರಿಂದ ಅದನ್ನು ಮರಳಿಸುವವನಿಗೆ ಕೊಟ್ಟೆನೆಂಬ ಹಮ್ಮು ಸಲ್ಲದು, ಪಡೆಯುವವನಿಗೆ ತಲೆತಗ್ಗಿಸುವ ಕಾರಣವೂ ಇಲ್ಲ. ಕಾನೂನಿನ ಬಲದಿಂದ ಪಡೆದುದು ದಾಸೋಹವಾದೀತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಣ್ಣದಲ್ಲ, ಸ್ವಂತ ಇಚ್ಛೆಯಿಂದ ಹುಟ್ಟದ ಕಾರ್ಯಕ್ಕೆ ಪುಣ್ಯವಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸಾಲವನ್ನು ಕೇಳಿ ಪಡೆದರೂ ಅದು ಸಾಲವೇ. ತೀರಿಸಿದವನಿಗೆ ಪುಣ್ಯ ಬಾರದಿದ್ದರೆ ಬೇಡ, ಋಣವಾದರೂ ಹರಿಯುತ್ತದೆ.

ಈಗ ನಡೆದಿರುವುದು ಬೇರೆ. 2025ರ ಜನವರಿ 5ರಿಂದ ಟಿಕೆಟ್ ದರ ಶೇಕಡಾ 15ರಷ್ಟು ಏರಿ, ಆ ಹೊರೆಯು ಪಕ್ಕದ ಸೀಟಿನಲ್ಲಿ ಕುಳಿತ ಕೂಲಿಯ ಗಂಡಾಳಿನ ಜೇಬಿಗೇ ಬಿತ್ತು. ಹೊರಬೇಕಾದವನು ಬಸ್ಸನ್ನು ಹತ್ತದೆಯೇ ಅದರ ಫಲವನ್ನುಣ್ಣುವವನು; ಆದುದರಿಂದ ಬಸ್ಸಿನ ದಾರಿಯ ಬದಿಯಲ್ಲಿ ಹೊಲವನ್ನು ಪ್ಲಾಟು ಮಾಡಿ ಬೆಲೆಯೇರಿಸಿ ಮಾರುವವನಿಂದ, ಆ ಏರಿಕೆಯ ಒಂದು ಪಾಲನ್ನು ನೋಂದಣಿಯ ವೇಳೆಯಲ್ಲೇ ಪಡೆದು, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಹಳ್ಳಿಯ ಬಸ್ಸುಗಳಿಗೇ ಮೀಸಲಿಡುವ ಕಾನೂನನ್ನು ಸರಕಾರವು ತರಬೇಕು.