ಚಾಡಿಯೋ, ದೂರೋ?

ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವಳಿಗೆ ದೂರು ಎಂದರೆ ಹೊಸ ವಿಷಯವೇನಲ್ಲ. ದಿನಕ್ಕೆ ಹತ್ತಿಪ್ಪತ್ತಾದರೂ ಕಿವಿಗೆ ಬೀಳುತ್ತವೆ. "ಮಿಸ್, ಇವನು ನನ್ನ ಜಾಮಿಟ್ರಿ ಬಾಕ್ಸ್ ಕಿತ್ತುಕೊಂಡ." "ಮಿಸ್, ಅವಳು ಹೋಂವರ್ಕ್ ಮಾಡಿಲ್ಲ." ಎರಡೂ ಒಂದೇ ದನಿಯಲ್ಲಿ, ಒಂದೇ ಅವಸರದಲ್ಲಿ ಬರುತ್ತವೆ. ಆದರೆ ಮೊದಲನೆಯದು ದೂರು, ಎರಡನೆಯದು ಚಾಡಿ. ನಡೆಯುತ್ತಿರುವ ತಪ್ಪು ನಿಲ್ಲಲಿ ಎಂದು ಹೇಳಿದರೆ ದೂರು, ಇನ್ನೊಬ್ಬರಿಗೆ ಏಟು ಬೀಳಲಿ ಎಂದು ಹೇಳಿದರೆ ಚಾಡಿ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ತರಗತಿಯಲ್ಲಿ ಇಷ್ಟು ಸಲೀಸಾಗಿ ಹೇಳುವ ಮಾತು ನಮ್ಮ ಸ್ವಂತ ಬಾಳಿಗೆ ಬಂದು ನಿಂತಾಗ ಎಷ್ಟು ತೊಡಕಾಗುತ್ತದೆ ಎಂಬುದು ಈಚೆಗೆ ನನಗೆ ಗೊತ್ತಾಯಿತು.

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರು. ಸೀರೆಯಿಂದ ಹಿಡಿದು ಕುಕ್ಕರಿನ ಗ್ಯಾಸ್ಕೆಟ್‌ವರೆಗೆ ಎಲ್ಲವೂ ಈಗ ಮೊಬೈಲಿನಲ್ಲಿ ಬೆರಳೊತ್ತಿದರೆ ಮನೆಗೆ ಬರುತ್ತದೆ. ನಾನೂ ತರಿಸುತ್ತೇನೆ. ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ, ಮಧ್ಯಾಹ್ನ ಮನೆಯಲ್ಲಿ ಸಿಗುತ್ತೇನೆ. ಹಾಗಾಗಿ ಪಾರ್ಸೆಲ್ಲುಗಳು ಹೆಚ್ಚಾಗಿ ಅಂದೇ ಕೈಸೇರುತ್ತವೆ. ತಂದುಕೊಡುವ ಹುಡುಗನಿಗೆ ಇಪ್ಪತ್ತೈದೋ ಇಪ್ಪತ್ತಾರೋ ವಯಸ್ಸು. ಬಿಸಿಲಲ್ಲಿ ಬಂದಾಗ ಒಂದೆರಡು ಸಲ ನೀರು ಕೊಟ್ಟಿದ್ದೇನೆ. ಒಂದು ಶನಿವಾರ ರಾತ್ರಿ ಒಂಬತ್ತೂವರೆಗೆ ಅವನ ನಂಬರಿನಿಂದ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು. "ಮೇಡಂ ಊಟ ಆಯ್ತಾ? ಇವತ್ತು ನೀವು ಉಟ್ಟಿದ್ದ ನೀಲಿ ಸೀರೆ ತುಂಬಾ ಚೆನ್ನಾಗಿತ್ತು. ನಿಮ್ಮ ಜೊತೆ ಫ್ರೆಂಡ್ ಆಗಿ ಮಾತಾಡಬೇಕು ಅನ್ಸುತ್ತೆ. ಶನಿವಾರ ಮಧ್ಯಾಹ್ನ ಮನೇಲಿ ಒಬ್ಬರೇ ಇರ್ತೀರಲ್ವಾ?"

ಮೊದಲ ಮೂರು ವಾಕ್ಯಗಳನ್ನು ಹುಡುಗಾಟ ಎನ್ನಬಹುದಿತ್ತು. ನಾಲ್ಕನೆಯದನ್ನು ಓದಿದಾಗ ನಾನು ಎದ್ದುಹೋಗಿ ಬಾಗಿಲ ಚಿಲಕ ನೋಡಿ ಬಂದೆ.

ನಮ್ಮ ಯಜಮಾನರು ಅಂಗಡಿಯಿಂದ ಬಂದ ಮೇಲೆ ತೋರಿಸಿದೆ. "ಬ್ಲಾಕ್ ಮಾಡಿ ಸುಮ್ಮನಿರು. ಊರೆಲ್ಲಾ ಯಾಕೆ ಗೊತ್ತಾಗಬೇಕು?" ಎಂದರು. ಸೋಮವಾರ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಗಣಿತದ ಮೇಡಂ ಡಬ್ಬಿಯ ಮುಚ್ಚಳ ತೆಗೆಯುತ್ತಾ ನಕ್ಕುಬಿಟ್ಟರು. "ಅಯ್ಯೋ, ಈ ವಯಸ್ಸಿನಲ್ಲೂ ನಿಮಗೆ ಇಂಥದ್ದು ಬರುತ್ತೆ ಅಂದ್ರೆ ಖುಷಿಪಡಿ ಮೇಡಂ!" ಎಲ್ಲರೂ ನಕ್ಕರು. ನನಗೂ ಸ್ವಲ್ಪ ನಗು ಬಂತು. ನೀವೇ ಹೇಳಿ, ಐವತ್ತು ದಾಟಿದವಳು ಇದನ್ನು ದೂರು ಎಂದು ಯಾರ ಮುಂದೆ ಇಡಬೇಕು? ಚಿಕ್ಕ ವಯಸ್ಸಿನವಳಾದರೆ "ನೀನೇನು ಮಾಡಿದ್ದೆ" ಎನ್ನುತ್ತಾರೆ, ವಯಸ್ಸಾದವಳಾದರೆ "ನಿನಗೇನಾಗಬೇಕು" ಎನ್ನುತ್ತಾರೆ. ಹೆಣ್ಣು ದೂರು ಹೇಳಲು ಸರಿಯಾದ ವಯಸ್ಸು ಯಾವುದು ಎಂದು ಯಾರೂ ಹೇಳುವುದಿಲ್ಲ.

ನಗದೆ ಕೂತವಳು ನಮ್ಮ ಶಾಲೆಯ ಕಿರಿಯ ಶಿಕ್ಷಕಿ ಒಬ್ಬಳೇ. ಬೇರೆ ಜಿಲ್ಲೆಯಿಂದ ಬಂದು, ಬಾಡಿಗೆಗೆ ಒಂದು ಮಹಡಿ ಮನೆ ಹಿಡಿದು ಒಬ್ಬಳೇ ಇರುವ ಹುಡುಗಿ. ಸಂಜೆ ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದು, ಮೊಬೈಲು ತೆಗೆದು ತೋರಿಸಿದಳು. ಅದೇ ನಂಬರು. ಅದೇ "ಊಟ ಆಯ್ತಾ". ನಾಲ್ಕು ತಿಂಗಳ ಹಿಂದಿನದು. ಆಮೇಲಿಂದ ಅವಳು ಪಾರ್ಸೆಲ್ಲುಗಳನ್ನೆಲ್ಲ ಶಾಲೆಯ ವಿಳಾಸಕ್ಕೆ ತರಿಸಿಕೊಳ್ಳುತ್ತಿದ್ದಳು. "ಯಾಕಮ್ಮ ಹೇಳಲಿಲ್ಲ?" ಎಂದೆ. "ಅವನಿಗೆ ನನ್ನ ಮನೆ ಗೊತ್ತು ಮೇಡಂ" ಎಂದಳು. ತನ್ನ ಹೆಸರು ಎಲ್ಲೂ ಬರಬಾರದು ಎಂದು ಮಾತು ತೆಗೆದುಕೊಂಡಳು.

ಅಷ್ಟು ಹೊತ್ತಿಗಾಗಲೇ ನಾನು ಅವನಿಗೆ ಉತ್ತರ ಬರೆದಾಗಿತ್ತು. "ನನ್ನ ನಂಬರ್ ನಿಮ್ಮ ಬಳಿ ಇರುವುದು ಪಾರ್ಸೆಲ್ ಕೊಡುವುದಕ್ಕೆ ಮಾತ್ರ. ಇಂಥ ಮಾತು ನನಗೆ ಇಷ್ಟವಿಲ್ಲ. ಇನ್ನು ಮುಂದೆ ಕಳಿಸಬೇಡಿ." ಹತ್ತು ನಿಮಿಷದಲ್ಲಿ "ಸಾರಿ ಮೇಡಂ, ತಮಾಷೆಗೆ ಕಳಿಸಿದೆ" ಎಂದು ಬಂತು. ಮೊದಲ ಸಂದೇಶವನ್ನು ಅವನು ಅಳಿಸಿಬಿಟ್ಟ. ಆದರೆ ನಾನು ಅದರ ಚಿತ್ರ ತೆಗೆದಿಟ್ಟುಕೊಂಡಿದ್ದೆ. ಅಂದರೆ ತಪ್ಪು ನಡೆದಿತ್ತು, ಕ್ಷಮೆ ಕೇಳಿಯೂ ಆಗಿತ್ತು. ಇನ್ನೂ ದೂರು ಕೊಡಬೇಕೆ ಎಂಬುದೇ ನನ್ನ ಮುಂದಿದ್ದ ಪ್ರಶ್ನೆ.

ಕೊಡಬಾರದು ಎನ್ನುವುದಕ್ಕೆ ಕಾರಣಗಳಿಗೆ ಬರವಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಅವನ ಅನ್ನ. ಪಾರ್ಸೆಲ್ಲಿಗೆ ಇಷ್ಟು ಎಂದು ದುಡ್ಡು, ಬೈಕು ಅವನದೇ, ಪೆಟ್ರೋಲೂ ಅವನದೇ, ಕೆಲಸಕ್ಕೆ ಹೋಗದ ದಿನ ಕೂಲಿಯಿಲ್ಲ. ಇಂಥ ಕೆಲಸಗಳಲ್ಲಿ ಇರುವವರು ದೇಶದಲ್ಲಿ 2020-21ರಲ್ಲಿ ಸುಮಾರು 77 ಲಕ್ಷ ಎಂದು ನೀತಿ ಆಯೋಗ 2022ರ ವರದಿಯಲ್ಲಿ ಅಂದಾಜು ಮಾಡಿತ್ತು. ಗಿರಾಕಿ ಒಂದು ಮಾತು ಬರೆದರೆ ಕೆಲಸದ ಐಡಿ ಬಂದ್. ಯಾಕೆ ಎಂದು ಕೇಳಲು ಎದುರಿಗೆ ಮನುಷ್ಯರೇ ಇರುವುದಿಲ್ಲ. ಈ ಅನ್ಯಾಯ ಕಂಡೇ ನಮ್ಮ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿ, ಕೆಲಸದಿಂದ ತೆಗೆಯುವ ಮುಂಚೆ 14 ದಿನದ ನೋಟಿಸು ಕೊಡಬೇಕು, ಕಾರಣವನ್ನು ಬರೆದು ತಿಳಿಸಬೇಕು ಎಂದು ಹೇಳಿತು. ಹೀಗೊಂದು ಕಾನೂನು ಬೇಕಾಯಿತು ಎಂದರೆ ಅವರ ಬದುಕು ಎಷ್ಟು ತೆಳು ದಾರದ ಮೇಲಿದೆ ನೋಡಿ. ನಾನೋ ಸಂಬಳ ಬರುವ ಮೇಡಂ. ಅವನ ಮಾತಿಗಿಂತ ನನ್ನ ಮಾತಿಗೆ ತೂಕ ಹೆಚ್ಚು. ಆ ತೂಕವನ್ನು ಒಬ್ಬ ಬಡ ಹುಡುಗನ ಮೇಲೆ ಹಾಕುವಾಗ ಕೈ ತಡೆಯುವುದು ಸಹಜವೇ.

ಎರಡನೆಯ ಕಾರಣ, ಒಂದೇ ಸಂದೇಶ ತಾನೆ ಎಂಬುದು. ಕಾನೂನು ಕೂಡ ಇಲ್ಲಿ ಅವಸರ ಮಾಡುವುದಿಲ್ಲ. ದೆಹಲಿಯ 2012ರ ಡಿಸೆಂಬರ್ ಘಟನೆಯ ನಂತರ, ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿ ಬಂದು, 2013ರಲ್ಲಿ ಹೆಣ್ಣಿನ ಬೆನ್ನು ಹತ್ತುವುದು ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಂ. ಹೆಣ್ಣು ತನಗೆ ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸಿದರೆ ಅಪರಾಧ, ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸಜೆ, ದಂಡ. "ಇಷ್ಟವಿಲ್ಲ" ಎನ್ನುವ ಮಾತನ್ನು ನಾವು ಬಾಯಿಬಿಟ್ಟು ಹೇಳಿರಬೇಕು, ಹೇಳಿದ್ದಕ್ಕೆ ಗುರುತು ಇರಬೇಕು ಎಂಬುದನ್ನು ನಾವೆಲ್ಲ ನೆನಪಿಡಬೇಕು. ಸುಮ್ಮನೆ ಬ್ಲಾಕ್ ಮಾಡಿದರೆ ನಮ್ಮ ಮಟ್ಟಿಗೆ ಬಾಗಿಲು ಮುಚ್ಚಿತು, ನಿಜ. ಆದರೆ ಬಾಗಿಲು ಯಾಕೆ ಮುಚ್ಚಿತು ಎಂದು ಅವನಿಗೆ ಯಾರೂ ಹೇಳಿದಂತಾಗಲಿಲ್ಲ.

ಹಾಗಾದರೆ ನನ್ನನ್ನು ಕಾಡುತ್ತಿದ್ದುದು ಏನು? ಯೋಚಿಸುತ್ತಾ ಹೋದಾಗ ನಮ್ಮ ಅಜ್ಜಿಯ ಮನೆಗೆ ಬರುತ್ತಿದ್ದ ಬಳೆಗಾರನ ನೆನಪಾಯಿತು. ಪರಗಂಡಸಿನ ಮುಂದೆ ತಲೆಯೆತ್ತದ ಕಾಲದಲ್ಲಿ ಅವನು ಜಗಲಿಯ ಮೇಲೆ ಕೂತು ಮನೆಯ ಹೆಂಗಸರ ಕೈ ಹಿಡಿಯುತ್ತಿದ್ದ. ಮುಂಗೈ ಒತ್ತಿ, ಬೆರಳು ಮಡಿಸಿ, ಬಳೆ ಏರಿಸುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ. ತವರಿನ ಸುದ್ದಿ ತರುವ ಕೆಲಸವನ್ನು ಬಳೆಗಾರನಿಗೇ ಒಪ್ಪಿಸುವ ಜನಪದ ಹಾಡು ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಯಾವ ಮನೆಯಲ್ಲಿ ಯಾರು ಬಸುರಿ, ಯಾರ ಗಂಡ ಊರಲ್ಲಿಲ್ಲ, ಎಲ್ಲವೂ ಅವನಿಗೆ ಗೊತ್ತು. ಆದರೆ ಬಳೆ ತೊಡಿಸಿದ ಮೇಲೆ ಅವನು ಕೈ ಬಿಡುತ್ತಿದ್ದ. ಹಿಡಿದದ್ದು ಕೆಲಸಕ್ಕೆ, ಕೆಲಸ ಮುಗಿದ ಮೇಲೆ ಬಿಟ್ಟದ್ದು. ಅವನ ಮೇಲಿನ ನಂಬಿಕೆ ನಿಂತದ್ದು ಅದರ ಮೇಲೆಯೇ.

ಹೊಸ ಕಾನೂನುಗಳೂ ಬೇರೆ ಭಾಷೆಯಲ್ಲಿ ಇದನ್ನೇ ಹೇಳುತ್ತಿವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು, ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಹೇಳಿದರು. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ, ಯಾವ ಕೆಲಸಕ್ಕೆಂದು ನಮ್ಮ ವಿವರ ಪಡೆದರೋ ಆ ಕೆಲಸಕ್ಕೆ ಮಾತ್ರ ಬಳಸಬೇಕು ಎಂಬುದು. ಪಾರ್ಸೆಲ್ಲಿನ ಮೇಲೆ ನನ್ನ ಹೆಸರು, ಮನೆ ನಂಬರು, ಫೋನ್ ನಂಬರು ಅಚ್ಚಾಗಿರುತ್ತದೆ. ನಾನು ಅದನ್ನು ಕೊಟ್ಟದ್ದು ಸೀರೆಗೆ. ಹುಡುಗ ಅದನ್ನು ಇಟ್ಟುಕೊಂಡದ್ದು ತನಗೆ. ಸೀರೆ ಚೆನ್ನಾಗಿದೆ ಎಂದು ಬಸ್ಸಿನಲ್ಲಿ ಅಪರಿಚಿತ ಒಬ್ಬ ಹೇಳಿದರೆ ನಾನು ಮುಂದಿನ ನಿಲ್ದಾಣದಲ್ಲಿ ಇಳಿದುಬಿಡಬಹುದು. ಮನೆಯಿಂದ ಇಳಿದು ಎಲ್ಲಿಗೆ ಹೋಗಲಿ? ಸಂದೇಶದಲ್ಲಿದ್ದ ಹೊಗಳಿಕೆಗಿಂತ, ಹೊಗಳಿದವನಿಗೆ ನನ್ನ ಬಾಗಿಲೂ ನನ್ನ ಶನಿವಾರವೂ ಗೊತ್ತಿದ್ದುದೇ ನನ್ನನ್ನು ಕಾಡಿದ್ದು.

ಇನ್ನು ಕ್ಷಮೆಯ ಮಾತು. ಅವನು ನನ್ನಲ್ಲಿ ಕ್ಷಮೆ ಕೇಳಿದ, ನಾನು ಕ್ಷಮಿಸಿದೆ. ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಕ್ಷಮೆ ಎನ್ನುವುದು ನನ್ನ ಪಾಲಿಗೆ ಬಂದ ನೋವಿನ ಮೇಲೆ ಮಾತ್ರ ನನಗಿರುವ ಅಧಿಕಾರ. ನಾಲ್ಕು ತಿಂಗಳಿಂದ ಶಾಲೆಯ ವಿಳಾಸಕ್ಕೆ ಪಾರ್ಸೆಲ್ ತರಿಸಿಕೊಳ್ಳುತ್ತಿರುವ ಹುಡುಗಿಯ ಪರವಾಗಿ ಕ್ಷಮಿಸಲು ನಾನು ಯಾರು? ನಾಳೆ ಅವನ ಚೀಲದಲ್ಲಿ ಯಾರ ಯಾರ ನಂಬರು ಇರುತ್ತದೋ ಅವರ ಪರವಾಗಿ ಕ್ಷಮಿಸಲು ನಾನು ಯಾರು? ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡು ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಇನ್ನೊಬ್ಬರ ಗಂಟಿನಲ್ಲಿ ನಾವು ತೋರಿಸುವ ಧಾರಾಳ ಧಾರಾಳವಲ್ಲ.

ಅವನ ಅನ್ನದ ಪ್ರಶ್ನೆ ಇನ್ನೂ ಉಳಿದಿತ್ತು. ಇಲ್ಲಿ ನನಗೆ ನೆರವಾದದ್ದು ಮೇಷ್ಟರಿಕೆಯೇ. ಉತ್ತರ ಪತ್ರಿಕೆ ತಿದ್ದುವಾಗ ಹುಡುಗ ಬಡವ ಎಂದು ತಪ್ಪನ್ನು ಸರಿ ಎಂದು ಗುರುತು ಹಾಕುವಂತಿಲ್ಲ. ತುಂಟ ಎಂದು ಸರಿಯಾದುದಕ್ಕೆ ಅಂಕ ಕಳೆಯುವಂತೆಯೂ ಇಲ್ಲ. ಇದ್ದದ್ದನ್ನು ಇದ್ದಷ್ಟೇ ಹೇಳುವುದು ನನ್ನ ಕೆಲಸ. ಶಿಕ್ಷೆ ಎಷ್ಟು ಎಂಬುದು ಬೇರೆಯವರ ಕೆಲಸ, ಆದರೆ ಅದು ಅಳತೆ ಮೀರದಂತೆ ಕೇಳಿಕೊಳ್ಳುವುದೂ ನನಗೆ ಸೇರಿದ್ದೇ. ಜೊತೆಗೆ ಇನ್ನೊಂದು ಲೆಕ್ಕ. ನಾನು ಈ ಊರಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಬೀದಿಗೆ ನಾಲ್ಕು ಜನ ನನ್ನ ಹಳೆಯ ವಿದ್ಯಾರ್ಥಿಗಳು. ಅವನು ಸಿಟ್ಟಿಗೆದ್ದು ನನ್ನ ಬಾಗಿಲಿಗೆ ಬಂದರೆ ಕೂಗಿದರೆ ಸಾಕು, ಜನ ಸೇರುತ್ತಾರೆ. ಮಹಡಿ ಮನೆಯ ಹುಡುಗಿಗೆ ಆ ಅನುಕೂಲವಿಲ್ಲ. ದೂರು ಕೊಡುವುದಕ್ಕೂ ಒಂದು ಬಂಡವಾಳ ಬೇಕು. ಇದ್ದವರು ಹಾಕದಿದ್ದರೆ ಇಲ್ಲದವರು ಎಲ್ಲಿಂದ ತರುತ್ತಾರೆ?

ಒಂದು ಬಿಳಿ ಹಾಳೆ ತೆಗೆದುಕೊಂಡು ಶಾಖೆಯ ಮ್ಯಾನೇಜರಿಗೆ ಬರೆದೆ. ತಾರೀಕು, ಹೊತ್ತು, ಅವನು ಬರೆದದ್ದು, ನಾನು ಬರೆದದ್ದು, ಅವನು ಕ್ಷಮೆ ಕೇಳಿದ್ದು, ಒಂದನ್ನೂ ಬಿಡಲಿಲ್ಲ. ಹುಡುಗಿಗೆ ಕೊಟ್ಟ ಮಾತಿನಂತೆ ಅವಳ ವಿಷಯ ಎತ್ತಲಿಲ್ಲ. ನನಗೆ ಗೊತ್ತಿದ್ದುದರಲ್ಲಿ ಅರ್ಧ ಮಾತ್ರ ಬರೆದೆ, ಬರೆದ ಅರ್ಧ ಪೂರ್ತಿ ನಿಜ. ಕೊನೆಗೆ ಮೂರು ಕೋರಿಕೆ: ಅವನನ್ನು ಕರೆದು ಅವನ ಮಾತೂ ಕೇಳಿ, ಅಲ್ಲಿಯವರೆಗೆ ಮನೆಗಳಿಗೆ ಕಳಿಸಬೇಡಿ, ಗಿರಾಕಿಗಳ ನಂಬರು ಯಾವುದಕ್ಕೆ, ಯಾವುದಕ್ಕಲ್ಲ ಎಂದು ಎಲ್ಲ ಹುಡುಗರಿಗೂ ಕೂರಿಸಿ ಹೇಳಿ.

ಮ್ಯಾನೇಜರು ಓದಿ, "ಇಷ್ಟೆಲ್ಲಾ ಯಾಕೆ ಮೇಡಂ, ನಾಳೆಯಿಂದ ಬರಬೇಡ ಅಂತ ಹೇಳಿಬಿಡ್ತೀನಿ" ಎಂದರು. ಅವರಿಗೆ ಅದೇ ಸುಲಭ. "ಕೆಲಸದಿಂದ ತೆಗೆದರೆ ಅವನ ಮೊಬೈಲಿನಲ್ಲಿರೋ ನಂಬರುಗಳು ಹೋಗ್ತಾವೇನ್ರಿ? ನಾಳೆ ಇನ್ನೊಂದು ಕಂಪನಿಯ ಟೀ ಶರ್ಟ್ ಹಾಕಿಕೊಂಡು ಇದೇ ಬೀದಿಗೆ ಬರ್ತಾನೆ. ಮೊದಲು ಕೂರಿಸಿ ಮಾತಾಡಿ" ಎಂದೆ. ಆತ ಒಂದು ಕ್ಷಣ ನನ್ನನ್ನೇ ನೋಡಿ, ಕಾಗದವನ್ನು ಫೈಲಿಗೆ ಹಾಕಿಕೊಂಡರು. ಮೂರು ದಿನದ ಮೇಲೆ ಫೋನು ಬಂತು. ನಂಬರುಗಳನ್ನು ತಮ್ಮೆದುರಿಗೇ ಅಳಿಸಿದನಂತೆ. ಸದ್ಯಕ್ಕೆ ಶಾಖೆಯಲ್ಲಿ ಮೂಟೆ ಬಿಚ್ಚಿ ಪಾರ್ಸೆಲ್ ವಿಂಗಡಿಸುವ ಕೆಲಸಕ್ಕೆ ಹಾಕಿದ್ದಾರಂತೆ. ನಾನು ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಎಲ್ಲ ಪ್ರಸಂಗವೂ ಇಷ್ಟು ಯೋಚನೆಗೆ ಅವಕಾಶ ಕೊಡುವುದಿಲ್ಲ. ಬೆದರಿಕೆ ಬಂದರೆ, ಅಸಹ್ಯ ಚಿತ್ರ ಬಂದರೆ, ಬೇಡ ಎಂದ ಮೇಲೂ ಸಂದೇಶ ಬಂದರೆ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದರೆ, ಯಾರ ಅನ್ನದ ಚಿಂತೆಯನ್ನೂ ನಾವು ಹೊರಬೇಕಾಗಿಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ನೇರ ಪೊಲೀಸ್ ಠಾಣೆ. ಇಲ್ಲಿ ನಾನು ಹೇಳಿದ್ದು ಅಷ್ಟು ದೂರ ಹೋಗದ, ಆದರೆ ಬಿಟ್ಟರೆ ಅಲ್ಲಿಗೇ ಹೋಗಬಹುದಾದ ಸಂಗತಿಗಳ ಮಾತು. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ನುಂಗಿಕೊಳ್ಳುವುದು ಬಹುಪಾಲು ಇವನ್ನೇ.

ದೂರಿನಿಂದ ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಕಿರಿಯ ಶಿಕ್ಷಕಿಗೆ ವಿಷಯ ತಿಳಿಸಿದಾಗ ಅವಳು ನನ್ನ ಕೈ ಹಿಡಿದುಕೊಂಡಳು, ಮಾತಾಡಲಿಲ್ಲ. ಅವಳ ಪಾರ್ಸೆಲ್ಲುಗಳು ಈಗಲೂ ಶಾಲೆಯ ವಿಳಾಸಕ್ಕೇ ಬರುತ್ತವೆ. ಜವಾನ ಸಹಿ ಹಾಕಿ ತೆಗೆದುಕೊಂಡು, ಸ್ಟಾಫ್ ರೂಮಿನ ಕಪಾಟಿನಲ್ಲಿ ಗ್ಲೋಬಿನ ಪಕ್ಕ ಇಟ್ಟು ಹೋಗುತ್ತಾನೆ.